ಮಣಿಪಾಲದ ಏರಿನಲ್ಲಿ ನಾನು ಹೇಳದ ಮಾತು

ಬಸ್ ಡ್ರೈವರ್ ಜೊಕಿಂ ಪೊರ್ಬುಗಳ ಕೆಲಸ ಹೋದದ್ದು ನನ್ನಿಂದ. ಏರಿನಲ್ಲಿ ಗಾಡಿ ಓಡಿಸಲು ಅವರಿಗೆ ಬರುವುದಿಲ್ಲ ಎಂಬ ಮಾತು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ವರ್ಷಗಳಿಂದ ಉಳಿದುಕೊಂಡಿದೆ. ಅದು ಸುಳ್ಳು. ಮೊದಲು ಆಡಿದವನು ನಾನು — ಸುಳ್ಳೆಂದು ಗೊತ್ತಿದ್ದೇ ಆಡಿದೆ.

ಆಗ ನಾನು ಉಡುಪಿಯಲ್ಲಿ ಒಬ್ಬ ಧಣಿಗಳ ಬಸ್ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ನನ್ನ ಊರು ಕಾಪು. ಕಾಪುವಿನ ಮೇಸ್ತ್ರಿ ಶಬ್ದ ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಾನೆ ಎನ್ನುತ್ತಿದ್ದರು. ಅದು ಬರಿಯ ಹೊಗಳಿಕೆಯಲ್ಲ, ಇಂದಿಗೂ ಹೇಳಬಲ್ಲೆ. ಜೊಕಿಂ ಪೊರ್ಬುಗಳು ಕೆಮ್ಮಣ್ಣಿನವರು. ಉಡುಪಿಯಿಂದ ಮಣಿಪಾಲದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸನ್ನು ಒಂಬತ್ತು ವರ್ಷ ಅವರೊಬ್ಬರೇ ಓಡಿಸಿದ್ದರು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎತ್ತಿನ ಬೆನ್ನು ತಟ್ಟುವ ಹಾಗೆ ಬಾನೆಟ್ಟನ್ನು ಎರಡು ಸಲ ತಟ್ಟುತ್ತಿದ್ದರು.

ಆ ಗಾಡಿಯ ಕ್ಯಾಮ್‌ಶಾಫ್ಟ್ ಸವೆದಿತ್ತು. ಇಂಜಿನ್ನಿನ ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನಡೆಸುವ ದಂಡ ಅದು. ಅದರ ತುದಿಯಲ್ಲೊಂದು ಹಲ್ಲುಚಕ್ರ. ಚಕ್ರದಲ್ಲಿ ಸಣ್ಣದೊಂದು ಚುಕ್ಕೆ ಕೊರೆದಿರುತ್ತಾರೆ. ಕೆಳಗಿನ ಚಕ್ರದ ಚುಕ್ಕೆಗೆ ಅದು ಸರಿಯಾಗಿ ಕೂಡಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ಓಡುತ್ತದೆ, ಆದರೆ ಏರು ಹತ್ತುವ ಬಲ ಇರುವುದಿಲ್ಲ. ಚುಕ್ಕೆ ಚೆನ್ನಾಗಿ ಕಾಣಲೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಅದರ ಮೇಲೆ ಹಚ್ಚಿಕೊಳ್ಳುವುದು ನನ್ನ ಪದ್ಧತಿ. ಹೊಸ ದಂಡ, ಹೊಸ ಚಕ್ರ ಬಂದ ದಿನ ಧಣಿಗಳು ಅವನ್ನು ಕಡಿಯಾಳಿಯ ದೇವಸ್ಥಾನಕ್ಕೆ ಒಯ್ದು, ದೇವಿಯ ಕುಂಕುಮವನ್ನು ತಮ್ಮ ಬೆರಳಿನಿಂದಲೇ ಚಕ್ರಕ್ಕೆ ಮುಟ್ಟಿಸಿ ತಂದರು. ಕೆಂಪು ಕಂಡಿತು — ನನ್ನ ಕೈ ಅದನ್ನೇ ಗುರುತೆಂದು ನಂಬಿತು. ನಿಜವಾದ ಚುಕ್ಕೆ ಗ್ರೀಸಿನ ಅಡಿಯಲ್ಲಿ, ಒಂದೇ ಹಲ್ಲಿನಷ್ಟು ಆಚೆ ಇತ್ತು. ತಪ್ಪನ್ನು ಧಣಿಗಳ ಬೆರಳಿನ ಮೇಲೆ ಹಾಕುವುದಿಲ್ಲ. ಒರೆಸಿ ನೋಡಬೇಕಾದವನು ನಾನು.

ಗಾಡಿ ಸ್ಟಾರ್ಟ್ ಆಯಿತು, ಸಮತಟ್ಟಿನಲ್ಲಿ ಓಡಿತು. ಎರಡನೆಯ ದಿನ ಪೊರ್ಬುಗಳು ವರ್ಕ್‌ಶಾಪಿಗೆ ಬಂದರು.

"ಮೇಸ್ತ್ರಿಗಳೇ, ಇದಕ್ಕೆ ಎಂತ ಆಗಿದೆ? ಮಣಿಪಾಲದ ಏರಿನಲ್ಲಿ ಕಾಲೇಜಿನ ಹುಡುಗರು ಇಳಿದು ನಡೆದು, ನಮಗಿಂತ ಮೊದಲು ಮೇಲೆ ಮುಟ್ಟುತ್ತಾರೆ ಮಾರಾಯ್ರೆ! ಕ್ಯಾಮ್ ಹಾಕಿದ ಮೇಲೆಯೇ ಹೀಗೆ."

ಆ ಕೊನೆಯ ಮಾತು ನನಗೆ ಚುಚ್ಚಿತು. ಪ್ಲಗ್ ಬಿಚ್ಚಿ ನೋಡಿದೆ, ಸರಿ ಇದ್ದವು. ಕಾರ್ಬ್ಯುರೇಟರ್ ತೊಳೆದೆ. ವಾಲ್ವುಗಳ ಸಂದು ಅಳೆದೆ. ಕೊನೆಗೆ ಹ್ಯಾಂಡಲ್ ಹಾಕಿ ಇಂಜಿನನ್ನು ಕೈಯಿಂದ ಮೆಲ್ಲನೆ ತಿರುಗಿಸಿದೆ. ಒಂದು ವಾಲ್ವ್ ಕೆಟ್ಟಿದ್ದರೆ ಒಂದು ಸಿಲಿಂಡರ್ ಮಾತ್ರ ಕೈಗೆ ಒತ್ತಡ ಕೊಡದೆ ಮೆತ್ತಗಾಗುತ್ತದೆ. ಇಲ್ಲಿ ಆರೂ ಮೆತ್ತಗಿದ್ದವು, ಒಂದೇ ಸಮನಾಗಿ. ಹಾಗಾಗುವುದು ಚಕ್ರ ತಪ್ಪಿ ಕೂತಾಗ. ನನ್ನ ಕೈಗೆ ಆ ಕ್ಷಣವೇ ಗೊತ್ತಾಯಿತು. ಅದು ಶುಕ್ರವಾರ.

ಶನಿವಾರ ಧಣಿಗಳು ಕೇಳಿದರು. ಪೊರ್ಬುಗಳು ಪಕ್ಕದಲ್ಲೇ ನಿಂತಿದ್ದರು.

"ಇಂಜಿನ್ನಿನಲ್ಲಿ ಎಂತದೂ ಇಲ್ಲ ಧಣಿಗಳೇ," ಎಂದೆ. "ಪೊರ್ಬುಗಳ ಕಾಲಿನಲ್ಲಿ ಉಂಟು. ಕ್ಲಚ್ಚಿನಿಂದ ಕಾಲು ತೆಗೆಯುವುದೇ ಇಲ್ಲ."

ಯಾಕೆ ಹಾಗೆ ಹೇಳಿದೆ? ಹೆಸರು ಹೋಗುತ್ತದೆಂಬ ಹೆದರಿಕೆ — ಅಷ್ಟೇ. ಧಣಿಗಳು ನಕ್ಕರು. "ಸೋಮವಾರ ಉಚ್ಚಿಲದ ಡ್ರೈವರನ್ನು ಕೂರಿಸುವ. ಅವನ ಕೈಯಲ್ಲಿ ಗಾಡಿ ಏರಿದರೆ, ಪೊರ್ಬುಗಳೇ, ನೀವು ಎತ್ತಿನಗಾಡಿ ನೋಡಿಕೊಳ್ಳಿ."

ಪೊರ್ಬುಗಳೂ ನಕ್ಕರು. "ಕೂರಿಸಿ ಧಣಿಗಳೇ. ಅವನಿಗೂ ಏರುವುದಿಲ್ಲ." ಅಷ್ಟು ಧೈರ್ಯ ಅವರಿಗೆ. ಗಾಡಿಯನ್ನು ನನಗಿಂತ ಚೆನ್ನಾಗಿ ತಿಳಿದಿದ್ದರು.

ಆದಿತ್ಯವಾರ ಬೆಳಿಗ್ಗೆ ಅವರು ಪೂಜೆಗೆಂದು ಇಗರ್ಜಿಗೆ ಹೋಗಿದ್ದ ಹೊತ್ತಿನಲ್ಲಿ, ನಾನು ಒಬ್ಬನೇ ರೇಡಿಯೇಟರ್ ಇಳಿಸಿ ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದೆ. ಸೀಮೆಎಣ್ಣೆಯ ಬಟ್ಟೆಯಿಂದ ಚಕ್ರ ಒರೆಸಿದೆ. ಕುಂಕುಮ ಅಳಿಸಿ ಹೋಯಿತು. ಪಕ್ಕದಲ್ಲಿ ಚುಕ್ಕೆ ಕಂಡಿತು. ಒಂದು ಹಲ್ಲು ಸರಿಸಿ ಕೂರಿಸಿದೆ. ಮಧ್ಯಾಹ್ನದೊಳಗೆ ಎಲ್ಲವೂ ಮೊದಲಿನಂತೆ.

ಇಲ್ಲಿ ನಿಧಾನವಾಗಿ ಬರೆಯಬೇಕು. ನಾನು ಗಾಡಿಯನ್ನು ಸರಿಮಾಡಿದೆ — ಮೇಸ್ತ್ರಿಯ ಕೆಲಸವೇ ಅದು. ಆದರೆ ಯಾರಿಗೂ ಹೇಳದೆ ಸರಿಮಾಡಿದ್ದರಿಂದ ಮರುದಿನ ಗಾಡಿ ಏರುತ್ತದೆ, ಏರಿದರೆ ತಪ್ಪು ಪೊರ್ಬುಗಳದ್ದೇ ಎಂದಾಗುತ್ತದೆ. ಕೊನೆಯ ಬೋಲ್ಟು ಬಿಗಿಯುವಾಗ ಇದು ನನಗೆ ತಿಳಿದಿತ್ತು. ಬಿಗಿದೆ.

ಸೋಮವಾರ ಜನ ತುಂಬಿದ ಬಸ್ಸು ಮಣಿಪಾಲದ ಏರನ್ನು ಒಂದೇ ಉಸಿರಿನಲ್ಲಿ ಹತ್ತಿತು. ಉಚ್ಚಿಲದವನು ಸ್ಟೀರಿಂಗಿನಲ್ಲಿ, ಹಿಂದಿನ ಸೀಟಿನಲ್ಲಿ ಧಣಿಗಳು, ನಾನು, ಪೊರ್ಬುಗಳು. ಮೇಲೆ ಮುಟ್ಟಿದಾಗ ಪೊರ್ಬುಗಳು ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟರು. ತಟ್ಟಲಿಲ್ಲ, ಸುಮ್ಮನೆ ಇಟ್ಟರು.

"ಶನಿವಾರದ ಇಂಜಿನ್ ಅಲ್ಲ ಇದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಸ್ತ್ರಿಗಳೇ, ನೀವು ಹೇಳಿ."

ನಾನು ಹೇಳಲಿಲ್ಲ.

"ಹೇಳಲಿಕ್ಕೆ ಎಂತ ಉಂಟು? ಕಣ್ಣಿಗೆ ಕಾಣುವುದಿಲ್ವಾ?" ಎಂದರು ಧಣಿಗಳು. ಬಸ್ಸಿನೊಳಗೆ ಯಾರೋ ನಕ್ಕರು. ಪೊರ್ಬುಗಳು ಮತ್ತೆ ಹತ್ತಲಿಲ್ಲ. ಬಂದ ದಾರಿಯಲ್ಲೇ ಉಡುಪಿಯ ಕಡೆಗೆ ನಡೆದು ಇಳಿದರು.

ಬೇರೆ ಯಾವ ಧಣಿಗಳೂ ಅವರನ್ನು ತೆಗೆದುಕೊಳ್ಳಲಿಲ್ಲ. ಈಗ ಕೆಮ್ಮಣ್ಣಿನಲ್ಲಿ ಹೊಳೆ ದಾಟಿಸುವ ದೋಣಿ ನಡೆಸುತ್ತಾರೆ. ಹೋದ ವಾರ ಕೆಲಸವಿದ್ದು ಆಚೆ ದಡಕ್ಕೆ ಹೋಗಬೇಕಾಯಿತು, ದೋಣಿ ಅವರದೇ. ಗುರುತು ಹಿಡಿದರು. ನಡು ಹೊಳೆಯಲ್ಲಿ, ಉದ್ದನೆಯ ಬಿದಿರಿನ ಗಳ ಊರುತ್ತಾ, ಸಿಟ್ಟಿಲ್ಲದೆ ಕೇಳಿದರು:

"ಆ ಗಾಡಿ ಈಗಲೂ ಉಂಟಾ ಮೇಸ್ತ್ರಿಗಳೇ? ಚೆನ್ನಾಗಿ ಎಳೆಯುತ್ತದಾ?"

"ಎಳೆಯುತ್ತದೆ," ಎಂದೆ. ನಾನು ಅವರಿಗೆ ಹೇಳಿದ ಒಂದೇ ನಿಜ ಅದು.

ನಿನ್ನೆ ಧಣಿಗಳಿಗೆ ಎಲ್ಲ ಹೇಳಿ ಬಂದೆ. "ಈಗ ಹೇಳಿ ಎಂತ ಪ್ರಯೋಜನ ಮಾರಾಯ?" ಎಂದರು. ಪ್ರಯೋಜನ ನನಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಕೆಮ್ಮಣ್ಣಿಗೆ ಹೋಗುತ್ತೇನೆ. ದೋಣಿಯಲ್ಲಿ ಬೇರೆ ಜನ ಇರುತ್ತಾರೆ. ಇರಲಿ, ಅಂದು ಬಸ್ಸಿನಲ್ಲಿಯೂ ಇದ್ದರು. ಅವರೆಲ್ಲರ ಎದುರು, ಅಂದು ಪೊರ್ಬುಗಳು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ: ಪೊರ್ಬುಗಳೇ, ತಪ್ಪು ನಿಮ್ಮ ಕಾಲಿನಲ್ಲಿ ಇರಲಿಲ್ಲ. ಇಂಜಿನ್ನಿನಲ್ಲಿ ಇತ್ತು. ಇಟ್ಟವನು ನಾನು, ತೆಗೆದವನೂ ನಾನು.