ನಡುದಾರಿಯಲ್ಲಿ ಇಳಿಸದವನು

ನನ್ನ ಸೋದರಮಾವ ಆವಲಪ್ಪ ಜೀವಮಾನದಲ್ಲಿ ಎರಡು ಸಲ ಕೆಲಸ ಕಳೆದುಕೊಂಡ, ಎರಡು ಸಲವೂ ಒಂದೇ ತಪ್ಪಿಗೆ. ಬುದ್ಧಿ ಇದ್ದವನಾಗಿದ್ದರೆ ಮೊದಲನೇ ಸಲಕ್ಕೇ ಪಾಠ ಕಲಿಯುತ್ತಿದ್ದ ಎಂದು ನಮ್ಮಜ್ಜಿ ಸಾಯುವ ತನಕ ಗೊಣಗಿದಳು. ಅವನು ಕಲಿಯಲಿಲ್ಲ. ನನಗಂತೂ ಅದು ಸಂತೋಷವೇ. ಪಾಠ ಕಲಿತು ಜಾಣರಾದವರು ನಮ್ಮ ವಂಶದಲ್ಲಿ ಎಂಟು ಹತ್ತು ಜನ ಇದ್ದರು. ಅವರ ಹೆಸರು ನನಗೆ ಸರಿಯಾಗಿ ನೆನಪೂ ಇಲ್ಲ.

ಇದರಲ್ಲಿ ಅರ್ಧ ನನ್ನ ತಾಯಿ ಕದಿರಮ್ಮ ಹೇಳಿದ್ದು, ಅರ್ಧ ಮಾವನೇ ಬಾಯಿ ಬಿಟ್ಟದ್ದು. ಮಾವ ಬಾಯಿ ಬಿಡುವುದು ಅಪರೂಪ, ಬಿಟ್ಟರೆ ಜಗಳಕ್ಕೇ.

ಅವನ ಊರು ಮುಳಬಾಗಿಲಿನ ಹತ್ತಿರ. ಮೊದಲು ಬೇತಮಂಗಲದ ಕಡೆ ಬಸ್ಸು ಓಡಿಸುತ್ತಿದ್ದ. ಬೇಸಿಗೆಯಲ್ಲಿ ಪಾಲಾರಿನ ಒಣ ಮರಳು ದಾಟಬೇಕಾದಾಗ ಚಕ್ರದ ಮುಂದೆ ಈಚಲ ಗರಿ ಹಾಸಿ, ಅದರ ಮೇಲೆ ಬಸ್ಸು ಹತ್ತಿಸಿ, ಹಿಂದಿನ ಗರಿ ಎತ್ತಿ ಮತ್ತೆ ಮುಂದೆ ಹಾಸುತ್ತ ದಾಟಿಸುವುದನ್ನು ಅಲ್ಲೇ ಕಲಿತ. ಆಮೇಲೆ ಕೋಲಾರದ ಚನ್ನರಾಯಪ್ಪನವರ ಬಸ್ಸಿಗೆ ಬಂದ. ಶ್ರೀನಿವಾಸಪುರ ಬಿಟ್ಟರೆ ಸುಗಟೂರು, ಕೋಲಾರ, ವಕ್ಕಲೇರಿ, ಕೊನೆಗೆ ಮಾಲೂರು. ಆ ಬಸ್ಸಿಗೆ ಮಾಲೂರಿನ ಮುನಿಶಾಮಿ ಕಂಡಕ್ಟರ್. ಇಬ್ಬರೂ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವವರು. ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಮುನಿಶಾಮಿ ಶುರು ಮಾಡುತ್ತಿದ್ದ: “ವಕ್ಕಲೇರಿ ಬಂತು ವಕ್ಕಲೇರಿ, ಇಳಿಯೋರು ಏಳ್ರಪ್ಪಾ, ಮಲಗಿರೋರೂ ಏಳ್ರಪ್ಪಾ!” ಆ ಗಂಟಲಿಗೆ ಹೊಲದಲ್ಲಿ ಕಳೆ ಕೀಳುವವರೂ ತಲೆ ಎತ್ತಿ ನೋಡುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಒಂದು ಸಂತೆಯ ದಿನ. ಸುಗಟೂರಿನ ದೊಡ್ಡಮುನಿಯಮ್ಮ ಬದನೆಕಾಯಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಅವತ್ತು ಚನ್ನರಾಯಪ್ಪನವರೂ ಮುಂದಿನ ಸೀಟಿನಲ್ಲಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ದಾರಿಯಲ್ಲಿ ಅವರ ಪರಿಚಯದ ಪಟೇಲರೊಬ್ಬರು ಕೈ ಅಡ್ಡ ಹಿಡಿದರು.

“ಆವಲಪ್ಪ, ಆ ಮುದುಕೀನ ಇಲ್ಲೇ ಇಳಿಸು. ನಡ್ಕೊಂಡು ಹೋಗ್ತಾಳೆ,” ಎಂದರು ಚನ್ನರಾಯಪ್ಪ.

“ಹತ್ತಿಸ್ಕೊಂಡಿದ್ದೀವಿ ಸಾಮಿ. ಅವ್ರು ಇಳಿಯೋದು ಕೋಲಾರದಲ್ಲಿ.”

“ಬಸ್ಸು ನಿಂದೋ ನಂದೋ?”

“ನಿಮ್ದೇ,” ಎಂದು ಮಾವ ಎಂಜಿನ್ ನಿಲ್ಲಿಸಿದ. ಆ ಕಾಲದ ಬಸ್ಸಿಗೆ ಮೂತಿಯಲ್ಲಿ ಹ್ಯಾಂಡಲ್ ಹಾಕಿ ತಿರುವದಿದ್ದರೆ ಜೀವ ಬರುತ್ತಿರಲಿಲ್ಲ. ಮಾವ ಇಳಿದು ಆ ಹ್ಯಾಂಡಲನ್ನು ಹೆಗಲ ಮೇಲಿಟ್ಟುಕೊಂಡು ಕೆರೆ ಏರಿಯ ಮೇಲೆ ಹೋಗಿ ಕೂತ. ಬಸ್ಸಿಗೆ ಬಸ್ಸೇ ಬಿಸಿಲಲ್ಲಿ ಬೆಂದಿತು. ಅರ್ಧ ಗಂಟೆಯಾದ ಮೇಲೆ ಪಟೇಲರು ನಾಚಿಕೊಂಡು ನಡೆದೇ ಹೋದರು. ದೊಡ್ಡಮುನಿಯಮ್ಮ ಕೋಲಾರದಲ್ಲಿ ಬುಟ್ಟಿ ಸಮೇತ ಇಳಿದಳು. ಮಾವನ ಕೆಲಸ ಅಲ್ಲಿಗೆ ಮುಗಿಯಿತು. ಇವನಿಲ್ಲದ ಬಸ್ಸಿನಲ್ಲಿ ನಾನ್ಯಾಕೆ ಕೂಗಲಿ ಎಂದು ಮುನಿಶಾಮಿಯೂ ಟಿಕೆಟ್ಟಿನ ಚೀಲ ಸೀಟಿನ ಮೇಲೆ ಬಿಸಾಕಿ ಹಿಂದೆಯೇ ಬಂದ.

ಆಗ ಯುದ್ಧ ಜೋರಾಗಿತ್ತು. ಬೆಂಗಳೂರಿನಲ್ಲಿ ಒಬ್ಬ ಕಂಟ್ರಾಕ್ಟರ್ ಲಾರಿ ಡ್ರೈವರುಗಳನ್ನು ಸೇರಿಸಿಕೊಳ್ಳುತ್ತಿದ್ದ. ರಷ್ಯಾದವರಿಗೆ ಸಾಮಾನು ಸಾಗಿಸುವ ಕೆಲಸ. ಬಲೂಚಿಸ್ತಾನದಿಂದ ಹೊರಟು ಪರ್ಷಿಯಾದ ಮರಳುಗಾಡಿನಲ್ಲಿ ಏಳೆಂಟುನೂರು ಮೈಲಿ ಹೋಗಬೇಕು. ಮಾವ ಮುನಿಶಾಮಿಗೂ ಗಾಡಿ ಬಿಡುವುದನ್ನು ಕಲಿಸಿ ಜೊತೆಗೆ ಹೊರಡಿಸಿದ. ಮುನಿಶಾಮಿಯ ತಾಯಿ ಅಂಜಮ್ಮನಿಗೆ ಅವನೊಬ್ಬನೇ ಮಗ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ಮಾವನ ಕೈ ಹಿಡಿದುಕೊಂಡಳು.

“ನೀನು ಕರ್ಕೊಂಡು ಹೋಗ್ತಿದ್ದೀಯ ಆವಲಪ್ಪ. ನಡುದಾರೀಲಿ ಬಿಟ್ಟುಬಿಡಬೇಡ ಕಣಪ್ಪ.”

“ನಾನು ಯಾರನ್ನ ಬಿಟ್ಟಿದ್ದೀನಮ್ಮ?” ಎಂದ ಮಾವ. ಅಷ್ಟೇ ಅವನು ಕೊಟ್ಟ ಮಾತು.

ರೈಲು ಅವರನ್ನು ಇಳಿಸಿದ ಊರಿನ ಹೆಸರು ನೋಕ್‌ಕುಂಡಿ. ಈ ಹೆಸರು ಬಂದಾಗಲೆಲ್ಲ ನಮ್ಮ ಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ಮಾವ ಸಿಡುಕುತ್ತಿದ್ದ. ಅಲ್ಲಿಂದ ಮುಂದೆ ಗಿಡವಿಲ್ಲ, ಕೆರೆಯಿಲ್ಲ, ನೆರಳಿಲ್ಲ. ಕಲ್ಲಿನ ದಾರಿ, ಅದರ ಎರಡು ಕಡೆಗೂ ಮರಳು. ನಲವತ್ತು ಐವತ್ತು ಮೈಲಿಗೊಂದು ಮಣ್ಣಿನ ಠಾಣೆ, ಅದರಲ್ಲಿ ಒಬ್ಬ ಕಾವಲುಗಾರ, ಒಂದು ನೀರಿನ ತೊಟ್ಟಿ. ಹನ್ನೆರಡು ಲಾರಿಗಳು ಸಾಲಾಗಿ ಹೋಗಬೇಕು. ಸಾಲಿಗೆ ಒಬ್ಬ ಯಜಮಾನ, ಪಂಜಾಬಿನವನು, ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಕೆಟ್ಟವನೇನಲ್ಲ. ಕಾಯಿದೆ ಅಂದರೆ ಕಾಯಿದೆ ಎನ್ನುವವನು, ಅಂಥವರೇ ಕಷ್ಟ. ಸಾಲು ಬಿಡಬಾರದು, ಸರಕು ಮುಟ್ಟಬಾರದು, ಕಾಯಿಲೆ ಬಿದ್ದವನನ್ನು ಮುಂದಿನ ಠಾಣೆಯಲ್ಲಿ ಬಿಟ್ಟು ಹೋಗಬೇಕು. ಇವು ಅವನ ಮೂರು ಕಾಯಿದೆ.

ಮಾವ ಅವನ್ನು ಒಂದು ವರ್ಷ ಪಾಲಿಸಿದ. ನಲವತ್ಮೂರರ ಬೇಸಿಗೆಯಲ್ಲಿ ಮೂರನ್ನೂ ಒಂದೇ ದಿನ ಮುರಿದ.

ಆ ಸಲ ಮಾವನ ಲಾರಿಯಲ್ಲಿ ಹೊಸ ಖಾಲಿ ಗೋಣಿಚೀಲಗಳ ಮೂಟೆಗಳಿದ್ದವು, ಕಬ್ಬಿಣದ ಪಟ್ಟಿ ಬಿಗಿದು ಸೀಲು ಹಾಕಿದವು. ಹೊರಟ ನಾಲ್ಕನೇ ದಿನ ಮುನಿಶಾಮಿಗೆ ರಕ್ತಭೇದಿ ಶುರುವಾಯಿತು. ಆರನೇ ದಿನಕ್ಕೆ ಅವನು ಲಾರಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಅವನ ಲಾರಿಯನ್ನು ಬೇರೆಯವನು ತಂದ, ಮುನಿಶಾಮಿಯನ್ನು ಮಾವ ತನ್ನ ಪಕ್ಕದಲ್ಲಿ ಮಲಗಿಸಿಕೊಂಡ. ನಮ್ಮತ್ತೆ ಮುತ್ಯಾಲಮ್ಮ ಮೂಟೆ ಕಟ್ಟಿ ಕಳಿಸಿದ್ದ ರಾಗಿ ಹಿಟ್ಟಿನಲ್ಲಿ ಕೊನೆಯ ಹಿಡಿ ಉಳಿದಿತ್ತು. ಅದನ್ನು ಗಂಜಿ ಕಾಸಿ ಕುಡಿಸಿದ. ಸಂಜೆ ಒಂದು ಠಾಣೆ ಸೇರಿದಾಗ ಮುಂದಿನ ದಾರಿ ಕಟ್ಟಿತ್ತು. ಗಾಳಿ ಎದ್ದು ಅರ್ಧ ಮೈಲಿ ರಸ್ತೆಯ ಮೇಲೆ ಮರಳು ಬಿದ್ದಿತ್ತು. ಎತ್ತುವ ಕೂಲಿಗಳು ಬರಲು ಎರಡು ದಿನ ಬೇಕು. ಆಸ್ಪತ್ರೆ ಇದ್ದದ್ದು ಆ ಮರಳಿನ ಆಚೆ, ನಲವತ್ತು ಮೈಲಿ.

ಬೆಳಗ್ಗೆ ಉಸ್ತಾದ್ ಬಂದು ಮುನಿಶಾಮಿಯ ಕಣ್ಣು ನೋಡಿದ. ಇವನನ್ನು ಕಾವಲುಗಾರನ ಗುಡಿಸಿಲಲ್ಲಿ ಮಲಗಿಸಿ, ದಾರಿ ತೆರೆದ ಮೇಲೆ ನಾವು ಹೋಗೋಣ, ಬರುವಾಗ ಬದುಕಿದ್ದರೆ ಕರೆದುಕೊಳ್ಳೋಣ ಎಂದ. ಮಾವನಿಗೆ ಕೋಲಾರದ ಉರ್ದು ಗೊತ್ತಿತ್ತು. ಅದರಲ್ಲೇ ಉತ್ತರ ಕೊಟ್ಟ: “ಇವನು ಇಳಿಯೋ ಜಾಗ ಇದಲ್ಲ.”

“ಹಾಗಾದರೆ ಏನು ಮಾಡುತ್ತೀಯ?”

ಮಾವ ಲಾರಿಯ ಹಿಂದೆ ಹತ್ತಿ ಸಲಾಕೆಯಿಂದ ಕಬ್ಬಿಣದ ಪಟ್ಟಿ ಮೀಟಿದ. ಸೀಲು ಕಿತ್ತು ಬಂತು. ಎರಡು ಮೂಟೆ ಬಿಚ್ಚಿ ಗೋಣಿಗಳನ್ನು ಮರಳಿನ ಮೇಲೆ ಚಕ್ರದ ಎರಡು ಸಾಲಿಗೆ ಜೋಡಿ ಜೋಡಿಯಾಗಿ ಹಾಸಿದ. ಚಕ್ರದ ಗಾಳಿ ಇಳಿಸಿದ. ಹಾಸಿದಷ್ಟು ದೂರ ಲಾರಿ ಹತ್ತಿಸಿ ನಿಲ್ಲಿಸಿದ. ಹಿಂದೆ ಹೋಗಿ ಒಂದೊಂದೇ ಗೋಣಿ ಎತ್ತಿ, ಕೊಡವಿ, ಹೊತ್ತು ತಂದು ಮುಂದೆ ಹಾಸಿದ. ಪಾಲಾರಿನಲ್ಲಿ ಈಚಲ ಗರಿ, ಇಲ್ಲಿ ಗೋಣಿ. ಅಲ್ಲಿ ಇಪ್ಪತ್ತು ಜನ ಕೈ ಹಾಕುತ್ತಿದ್ದರು, ಇಲ್ಲಿ ಒಬ್ಬ.

ಉಸ್ತಾದ್ ಮೊದಲು ಕೂಗಾಡಿದ. ಸರಕಾರದ ಸರಕು, ಜೈಲಿಗೆ ಹೋಗುತ್ತೀಯ ಎಂದ. ಆಮೇಲೆ ತನ್ನ ಲಾರಿಯ ನೆರಳಿಗೆ ಹೋಗಿ ಕೂತ. ಹನ್ನೊಂದು ಲಾರಿಗಳ ಡ್ರೈವರುಗಳು ಸಾಲಾಗಿ ನಿಂತು ನೋಡಿದರು, ಒಬ್ಬನೂ ಹತ್ತಿರ ಬರಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾವನಿಗೆ ಇರಲಿಲ್ಲ. “ಅವ್ರಿಗೂ ಹೆಂಡ್ತಿ ಮಕ್ಳು ಇದ್ರು ಕಣೇ,” ಎನ್ನುತ್ತಿದ್ದ. ಅವನಿಗೂ ಇದ್ದರಲ್ಲ ಎಂದು ನಾನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ.

ನಾಲ್ಕನೆಯದೋ ಐದನೆಯದೋ ಸಲ ಲಾರಿ ಮುಂದೆ ಸರಿದಾಗ ಪಕ್ಕದಲ್ಲಿ ಮಲಗಿದ್ದ ಮುನಿಶಾಮಿ ಕಣ್ಣು ಬಿಟ್ಟ. ಬಸ್ಸಿನ ಕುಲುಕಾಟ ಅವನಿಗೆ ಗುರುತು ಸಿಕ್ಕಿತೋ ಏನೋ. ಗಂಟಲಿನಲ್ಲಿ ಇದ್ದಷ್ಟು ಉಸಿರಿನಲ್ಲೇ ಕೂಗಿದ: “ಸುಗಟೂರು… ಸುಗಟೂರು ಬಂತು.”

“ಕೂಗೋ, ಕೂಗು,” ಎಂದ ಮಾವ. “ಇನ್ನೂ ಕೋಲಾರ ಇದೆ.”

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುನಿಶಾಮಿಯ ಬಾಯಲ್ಲಿ ಕೋಲಾರ ಬಂತು. ಮಾವನ ಅಂಗೈ ಗೋಣಿಯ ನಾರಿಗೆ ಉಜ್ಜಿ ಸುಲಿದಿತ್ತು. ಗೋಣಿ ಹಾಸುವಾಗ ಅಳುತ್ತಿದ್ದೆ, ಸ್ಟೇರಿಂಗ್ ಹಿಡಿದಾಗ ನಿಲ್ಲಿಸುತ್ತಿದ್ದೆ ಎಂದು ಒಂದೇ ಒಂದು ಸಲ ನನ್ನ ತಾಯಿಗೆ ಹೇಳಿದ್ದನಂತೆ. ಚಕ್ರ ಗಟ್ಟಿ ನೆಲಕ್ಕೆ ಹತ್ತಿದಾಗ ಮುನಿಶಾಮಿ ವಕ್ಕಲೇರಿ ಎಂದ. ಇಳಿಯೋರು ಏಳ್ರಪ್ಪಾ ಎನ್ನಲು ಹೋದ, ಆಗಲಿಲ್ಲ. ಮಾವ ಗೋಣಿಗಳನ್ನೆಲ್ಲ ಮತ್ತೆ ಕೊಡವಿ, ಮಡಚಿ, ಲಾರಿಗೆ ಹಾಕಿದ. ಒಂದನ್ನೂ ಬಿಡಲಿಲ್ಲ. ಆಮೇಲೆ ಚಕ್ರಕ್ಕೆ ಪಂಪಿನಲ್ಲಿ ಗಾಳಿ ತುಂಬಿ ನಲವತ್ತು ಮೈಲಿ ಓಡಿಸಿದ. ಇಳಿಬಿಸಿಲಿನ ಹೊತ್ತಿಗೆ ಆಸ್ಪತ್ರೆ ಸಿಕ್ಕಿತು.

ಡಾಕ್ಟರು ಎರಡು ದಿನ ತಡವಾಯಿತು ಎಂದರು. ಮಂಚ ಕೊಟ್ಟರು, ಬಿಳಿ ದುಪ್ಪಟಿ ಹೊದಿಸಿದರು. ಮಾರನೆಯ ದಿನ ಬೆಳಕು ಹರಿಯುವಾಗ ಮುನಿಶಾಮಿ ಏನೋ ಕೇಳುವವನಂತೆ ತುಟಿ ಅಲ್ಲಾಡಿಸಿದ. ಮಾವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಹತ್ತಿರ ಬಗ್ಗಿ ತೆಲುಗಿನಲ್ಲಿ, ಮಾಲೂರು ಬಂತು ಎಂದು ಹೇಳಿದ.

“ಮಾಲೂರು ವಚ್ಚಿಂದಿರಾ ಮುನಿಶಾಮಿ. ಮಾಲೂರು ವಚ್ಚಿಂದಿ.”

ಅದನ್ನು ಕೇಳಿಸಿಕೊಂಡೇ ಅವನು ಹೋದ. ಹಾಗೆಂದು ಮಾವ ಹೇಳುತ್ತಿದ್ದ, ನಾನೂ ಹಾಗೆಯೇ ನಂಬಿದ್ದೇನೆ.

ವಾಪಸು ಬಂದಾಗ ಕಂಟ್ರಾಕ್ಟರನ ಮ್ಯಾನೇಜರು ಎದುರಿಗೆ ನಿಲ್ಲಿಸಿಕೊಂಡ. ಸಾಲು ಬಿಟ್ಟೆ, ಸೀಲು ಒಡೆದೆ, ಅವನು ಹೇಗೂ ಸತ್ತ, ಏನು ಬಂತು ಎಂದು ಕೇಳಿದ.

“ಮಂಚದ ಮೇಲೆ ಸತ್ತ ಸಾಬ್. ರಸ್ತೆ ಮೇಲಲ್ಲ.”

ತಪ್ಪಾಯಿತು ಎಂದು ಬರೆದು ಹೆಬ್ಬೆಟ್ಟು ಒತ್ತಿದರೆ ಒಳ್ಳೆಯ ನಡತೆಯ ಚೀಟಿ ಕೊಟ್ಟು ಕಳಿಸುತ್ತೇನೆ ಎಂದ ಮ್ಯಾನೇಜರು. ಮಾವ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಒತ್ತಲಿಲ್ಲ. ಮ್ಯಾನೇಜರು ಚೀಟಿಯಲ್ಲಿ ‘ಹೇಳಿದ ಮಾತು ಕೇಳುವವನಲ್ಲ, ಯಾರೂ ಇಟ್ಟುಕೊಳ್ಳಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದು ಕೈಗೆ ಕೊಟ್ಟ.

ಊರಿಗೆ ಬಂದವನು ಮನೆಗೂ ಬರದೆ ನೇರವಾಗಿ ಮಾಲೂರಿಗೆ ಹೋದ. ಅಷ್ಟರಲ್ಲಿ ಅಂಜಮ್ಮನಿಗೆ ಕಂಟ್ರಾಕ್ಟರನ ಕಾಗದ ತಲುಪಿತ್ತು. ಅದರಲ್ಲಿದ್ದದ್ದು ಒಂದೇ ಸಾಲು, ದಾರಿಯಲ್ಲಿ ಮೃತನಾದ ಎಂದು. ಆ ದಾರಿಯಲ್ಲಿ ಎನ್ನುವ ಮಾತೇ ಅವಳನ್ನು ತಿಂದುಹಾಕಿತ್ತು. ಮಾವನನ್ನು ಕಂಡವಳು ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ.

“ರೋಡಲ್ಲೇ ಹೋದ್ನಾ?” ಎಂದು ಕೇಳಿದಳು.

“ಇಲ್ಲಮ್ಮ. ಮಂಚದ ಮೇಲೆ. ನನ್ನ ತೊಡೆ ಮೇಲೆ ತಲೆ ಇತ್ತು.”

ಅವನು ಎಲ್ಲವನ್ನೂ ಹೇಳಿದ, ಚೀಟಿಯ ವಿಷಯ ಒಂದು ಬಿಟ್ಟು. ಅಂಜಮ್ಮ ಅವತ್ತು ಮೊದಲ ಸಲ ಬಾಯಿಬಿಟ್ಟು ಅತ್ತಳು.

ಕೋಲಾರದಲ್ಲಿ ಚನ್ನರಾಯಪ್ಪನವರಿಗೆ ಆಗ ಡ್ರೈವರುಗಳ ಬರ. ಇದ್ದವರೆಲ್ಲ ಯುದ್ಧದ ಪಟಾಲಮ್ಮಿಗೆ ಸೇರಿದ್ದರು. ಆದರೂ ಅವರು ಚೀಟಿ ಓದಿಸಿ ನಕ್ಕರು. “ಅಲ್ಲೂ ಇದೇ ಕತೆನಾ? ತಪ್ಪಾಯ್ತು ಅನ್ನು, ನಾಳೆಯಿಂದ ಬಸ್ಸು ಹತ್ತು.”

“ಆಗಿಲ್ವಲ್ಲ ಸಾಮಿ,” ಎಂದ ಮಾವ.

ಹೊಟ್ಟೆಪಾಡು ಕೇಳಬೇಕಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಮಾವ ಬಸ್‌ಸ್ಟ್ಯಾಂಡಿನಲ್ಲಿ ಇದ್ದಿಲು ಒಡೆಯುವ ಕೂಲಿಗೆ ಕೂತ. ತಾನು ಓಡಿಸುತ್ತಿದ್ದ ಬಸ್ಸಿಗೇ ಇದ್ದಿಲು ಒಡೆದು ಕೊಡುತ್ತಿದ್ದ. ಮೈಯೆಲ್ಲ ಕಪ್ಪು, ಕಣ್ಣು ಮಾತ್ರ ಕೆಂಪು. ನಮ್ಮತ್ತೆ ಎರಡು ತಿಂಗಳು ಅವನ ಹತ್ತಿರ ಮಾತಾಡಲಿಲ್ಲ.

ಒಂದು ಬೆಳಗ್ಗೆ ಅಂಜಮ್ಮ ಯಾವುದೋ ಕೆಲಸಕ್ಕೆ ಕೋಲಾರಕ್ಕೆ ಬಂದವಳು ಇದ್ದಿಲಿನ ರಾಶಿಯ ಹಿಂದೆ ಅವನನ್ನು ಕಂಡಳು. ಯಾಕಪ್ಪಾ ಹೀಗೆ ಎಂದರೆ ಅವನು ಇದ್ದಿಲು ಒಡೆಯುತ್ತಲೇ ಇದ್ದ. ಟೀ ಅಂಗಡಿಯವನು ಪೂರಾ ಹೇಳಿದ. ಅಂಜಮ್ಮ ಕೇಳಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಲೂರಿನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ, ಧಣಿಗಳು ಕೂರುವ ಜಾಗದಲ್ಲೇ, ಕೂತಳು. ಡ್ರೈವರು ಬಂದು ಹ್ಯಾಂಡಲ್ ತಿರುವಲು ಹೋದ.

“ನೀನು ಬೇಡಪ್ಪ,” ಎಂದಳು. “ಆವಲಪ್ಪ ಬಿಡ್ಲಿ.”

ಚನ್ನರಾಯಪ್ಪನವರು ಓಡಿ ಬಂದರು. “ಏನಮ್ಮ ಇದು? ಇಳಿ ಕೆಳಗೆ.”

“ನನ್ನ ಮಗನ್ನ ಇಳಿಸು ಅಂತ ಮರಳುಗಾಡಲ್ಲಿ ಹೇಳಿದ್ರಂತೆ. ಇಳಿಸ್ಲಿಲ್ಲ ಇವ್ನು. ಇವತ್ತು ಇವ್ನು ಬಿಡೋವರೆಗೂ ನಾನೂ ಇಳಿಯೋಳಲ್ಲ. ಎಳೆದು ಹಾಕ್ತೀರಾ? ಹಾಕಿ, ನೋಡ್ತೀನಿ.”

ಬಸ್ಸು ತುಂಬಿತ್ತು. ಹೊತ್ತು ಏರಿತು. ಜನ ಮೊದಲು ಅಂಜಮ್ಮನನ್ನು ಬೈದರು, ವಿಷಯ ತಿಳಿದ ಮೇಲೆ ಚನ್ನರಾಯಪ್ಪನವರ ಕಡೆ ನೋಡಿದರು. ಅವರು ಪಾಪ, ನಿಮ್ಮ ಕಾಸು ವಾಪಸು ತಗೊಂಡು ಎಲ್ಲರೂ ಇಳೀರಿ, ಬಸ್ಸು ಹೋಗಲ್ಲ ಎಂದು ಕೊನೆಯ ಅಸ್ತ್ರ ಬಿಟ್ಟರು. ಯಾರೂ ಏಳಲಿಲ್ಲ. ಹೊರಗೆ ಬದನೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಮಾಲೂರಿಗೆ ಅವಳಿಗೇನೂ ಕೆಲಸವಿರಲಿಲ್ಲ. ಸುಗಟೂರಿನ ದೊಡ್ಡಮುನಿಯಮ್ಮ ಅವಳು.

ಮಧ್ಯಾಹ್ನ ಎರಡು ಗಂಟೆಗೆ ಚನ್ನರಾಯಪ್ಪನವರು ಹ್ಯಾಂಡಲನ್ನು ತಾವೇ ತಂದು ಇದ್ದಿಲ ರಾಶಿಯ ಮುಂದೆ ಹಾಕಿದರು. “ತಗೋ ಮಾರಾಯ. ಏನೂ ಅನ್ನಬೇಡ, ತಗೋ.”

ಮಾವ ಮುಖ ಕೂಡ ತೊಳೆಯದೆ ಬಸ್ಸು ಹತ್ತಿದ. ವಕ್ಕಲೇರಿ ದಾಟಿತು. ಹೊಸ ಕಂಡಕ್ಟರಿಗೆ ಕೂಗುವ ಗಂಟಲಿರಲಿಲ್ಲ. ಮಾಲೂರಿನಲ್ಲಿ ಬಸ್ಸು ನಿಂತು ಎಲ್ಲರೂ ಇಳಿದುಹೋದರೂ ಅಂಜಮ್ಮ ಎದುರಿನ ಗಾಜನ್ನೇ ನೋಡುತ್ತ ಕೂತೇ ಇದ್ದಳು. ಮಾವ ಇಳಿದು ಸುತ್ತಿ ಬಂದು ಅವಳ ಪಕ್ಕದ ಬಾಗಿಲು ತೆಗೆದ. ಇದ್ದಿಲು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಮುಂದೆ ಚಾಚಿದ.

“ಅಮ್ಮಾ,” ಎಂದ, “ಮಾಲೂರು ವಚ್ಚಿಂದಿ.”

ಅಂಜಮ್ಮ ಆ ಕೈ ಹಿಡಿದುಕೊಂಡು ಇಳಿದಳು.