ತಲೆಗೆ ಎರಡು ಕಿಲೋ
ಸಾಂಕ್ರಾಮಿಕ ರೋಗ ಹಬ್ಬಿ ಅಕ್ಕಿಯ ಲಾರಿಗಳು ಅಪರೂಪವಾದ ಮೇಲೆ ನಮ್ಮ ಬೀದಿಯ ಅಕ್ಕಿ ಅಂಗಡಿಯವರು ತಮ್ಮದೇ ಒಂದು ಕಾನೂನು ತಂದರು: ವಾರಕ್ಕೆ ತಲೆಗೆ ಎರಡು ಕಿಲೋ, ಅದರ ಮೇಲೆ ಒಂದು ಕಾಳೂ ಇಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಗಿರಾಕಿಗಳು ದೂರ ನಿಲ್ಲಲೆಂದು ಒಳಗಿನಿಂದ ಬೀದಿಯವರೆಗೆ ಓರೆಯಾಗಿ ಕಟ್ಟಿದ ನೀರಿನ ಪೈಪಿನಲ್ಲಿ ಅಕ್ಕಿ ಸುರಿಯುವ ಮೊದಲು, "ಮನೇಲಿ ಎಷ್ಟು ಜನ?" ಎಂದು ಅವರು ಕೇಳುವ ಧಾಟಿಗೆ ಜನಗಣತಿಯವರೂ ಬೆವರಬೇಕು. ಬೀದಿಯ ಎಲ್ಲ ಮನೆಗಳ ತಲೆಗಳೂ ಅವರಿಗೆ ಬಾಯಿಪಾಠ. "ನಮ್ಮತ್ತೆ ಊರಿಂದ ಬಂದಿದಾರೆ" ಎಂದ ಮೇಷ್ಟ್ರಿಗೆ, "ಬಸ್ಸೇ ಇಲ್ಲ, ಹಾರ್ಕೊಂಡು ಬಂದ್ರಾ?" ಎಂದರು. ಬಸುರಿ ಹೆಂಡತಿಯನ್ನು ಇಬ್ಬರೆಂದು ಎಣಿಸಿದ ಕ್ಷೌರಿಕನಿಗೆ, "ಮಗೂಗೆ ಹಲ್ಲು ಬರ್ಲಿ, ಕೊಡೋಣ" ಎಂದರು. ಸ್ವಂತ ಭಾವಮೈದ ಒಂದು ಮೂಟೆ ಕೇಳಿದಾಗ, "ನೀನೇನು ಆನೆ ಸಾಕಿದೀಯಾ?" ಎಂದು ಸಾಲಿನ ಕೊನೆಗೆ ಅಟ್ಟಿದರು. ಮೊನ್ನೆ ಹಿಂದಿನ ಬೀದಿಯ ಟೈಲರಮ್ಮ ಪೈಪಿನ ಬಾಯಿಗೆ ಚೀಲ ಹಿಡಿದು, "ಇನ್ಮೇಲೆ ಮೂರೇ ಜನ ಅಣ್ಣ, ಆರು ಕಿಲೋ ಸಾಕು" ಎಂದರು. ಆಸ್ಪತ್ರೆಗೆ ಹೋದ ಅವರ ಗಂಡ ತಿರುಗಿ ಬಂದಿರಲಿಲ್ಲ. ಅಂಗಡಿಯವರು ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡರು. ಪೈಪಿನಲ್ಲಿ ಅಕ್ಕಿ ಸುರಿಯಿತು, ಎಂದಿನ ಹಾಗೆ ಎಂಟು ಕಿಲೋ. "ಜಾಸ್ತಿ ಆಯ್ತಲ್ಲ ಅಣ್ಣ" ಎಂದರು ಟೈಲರಮ್ಮ. "ಈ ತಕ್ಕಡಿಗೆ ನಿಮ್ಮನೆ ನಾಲ್ಕು ಜನ ಅಂತಾನೇ ರೂಢಿ ತಾಯಿ, ನನ್ನ ಮಾತು ಕೇಳಲ್ಲ ಅದು" ಎಂದು ಅವರು ಬೇರೆ ಕಡೆ ನೋಡಿದರು. ನಮ್ಮನೆಯ ಐದು ಜನರನ್ನು ಏಳು ಮಾಡಿ ಹೇಳಲು ಹೊಂಚಿಕೊಂಡು ಹಿಂದೆಯೇ ನಿಂತಿದ್ದ ನಾನು, ಅವರು ಕೇಳುವ ಮೊದಲೇ ನಿಜ ಹೇಳಿಬಿಟ್ಟೆ.