ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆ

ನಾವು ನಾಗಪುರಕ್ಕೆ ಬಂದು ಸಂಸಾರ ಹೂಡಿದ ಮೊದಲ ವಾರವೇ ನನ್ನ ಹೆಂಡತಿ ಅಡುಗೆಮನೆಯ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದಳು. ಹಳೆಯ ನೂಲಿನ ಸೀರೆಯ ಮೆತ್ತನೆಯ ತುಂಡು, ನಾಲ್ಕು ಮಡಿಕೆ, ಮೇಲೆ ಬಿಳಿ ದಾರದ ಗಂಟು. ಪ್ರತಿ ಸೋಮವಾರ ಅದನ್ನು ಬಿಚ್ಚಿ ಇನ್ನೊಂದನ್ನು ಕಟ್ಟುವಳು. ಬಿಚ್ಚಿದ್ದನ್ನು ಒಗೆಯುವ ಮೊದಲು ಅಂಗೈಯಲ್ಲಿ ಹರಡಿ ನನಗೆ ತೋರಿಸಲೇಬೇಕು. ಮಳೆಗಾಲದಲ್ಲಿ ಕರಿ ರಾಡಿ, ಬೇಸಿಗೆಯಲ್ಲಿ ತುಕ್ಕಿನ ಚೂರು, ಒಮ್ಮೊಮ್ಮೆ ಕೂದಲೆಳೆಯಂಥ ಹುಳ.

"ನೋಡ್ರಿ, ಇದನ್ನೆಲ್ಲಾ ಕುಡೀತಿದ್ವಿ ನಾವು" ಎನ್ನುವಳು. ನಾನು ಹಿಂಗಣಾದ ಕಾರ್ಖಾನೆಯ ಬಸ್ಸಿಗೆ ಓಡುವ ಅವಸರದಲ್ಲಿ ನೋಡದೆಯೇ ಹೂಂ ಅನ್ನುತ್ತಿದ್ದೆ.

ನಮ್ಮ ಒಬ್ಬಳೇ ಮಗಳು ಕಾಲೇಜಿನಲ್ಲಿದ್ದಾಗ ಅವಳಿಗೆ ಕಾಮಾಲೆಯಾಯಿತು. ಹೊರಗೆ ತಿಂದದ್ದರಿಂದಲೋ, ಮನೆಯ ನೀರಿನಿಂದಲೋ ಯಾರಿಗೂ ತಿಳಿಯಲಿಲ್ಲ. ಹೆಂಡತಿ ಮಾತ್ರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ಬಟ್ಟೆಯ ಮಡಿಕೆ ಇನ್ನೆರಡು ಇರಬೇಕಿತ್ತು ಎಂದು. ಮಗಳು ಎದ್ದು ಓಡಾಡುವಂತಾದ ಮೇಲೆ ಸಿಂಕಿನ ಕೆಳಗಿನ ಕಪಾಟಿನಲ್ಲಿ ಫಿಲ್ಟರ್ ಕೂರಿಸಿದೆವು. ಎರಡು ಉದ್ದನೆಯ ಡಬ್ಬಿ, ಒಳಗೆ ನೀರು ಸೋಸುವ ಬಿಳಿ ಕ್ಯಾಂಡಲ್, ಸಿಂಕಿನ ಮೇಲೆ ಅದಕ್ಕೆಂದೇ ಸಣ್ಣದೊಂದು ನಲ್ಲಿ. ಮರುದಿನ ನೋಡಿದರೆ ಆ ಸಣ್ಣ ನಲ್ಲಿಗೂ ಬಟ್ಟೆ ಬಂದಿತ್ತು. ನಾನು ನಕ್ಕೆ. ಅವಳು ನಗಲಿಲ್ಲ.

"ಮಷೀನು ಅದರ ಕೆಲಸಾ ಮಾಡ್ಲಿ. ನನ್ನ ಕೈಯಾಗಿನ್ದು ನಾ ಮಾಡ್ತೀನಿ."

ಹೋದ ವರ್ಷ ಗಣಪತಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇದ್ದಾಗ ಅವಳು ತೀರಿಕೊಂಡಳು. ಸೋಮವಾರ ಬಟ್ಟೆ ಬದಲಿಸಿದ್ದಳು. ಗುರುವಾರ ಮಧ್ಯಾಹ್ನ ಎದೆ ಹಿಂಡಿದಂತಾಗುತ್ತಿದೆ ಎಂದಳು. ಶುಕ್ರವಾರ ಅವಳಿರಲಿಲ್ಲ.

ಅವಳ ಸೀರೆಗಳನ್ನು ನನ್ನ ಅಕ್ಕ ಮಡಚಿ ಪೆಟ್ಟಿಗೆಗೆ ಹಾಕಿದಳು. ಔಷಧಿಯ ಪೊಟ್ಟಣ, ಚಪ್ಪಲಿ, ಕನ್ನಡಕ ಎಲ್ಲವೂ ಒಂದೊಂದಾಗಿ ಕಣ್ಣಿನಿಂದ ಮರೆಯಾದವು. ನಾನು ತಡೆಯಲಿಲ್ಲ. ಸಣ್ಣ ನಲ್ಲಿಯ ಬಟ್ಟೆಗೆ ಕೈ ಹಾಕಿದಾಗ ಮಾತ್ರ ಬೇಡ ಎಂದೆ. ಅಕ್ಕ ನನ್ನ ಮುಖ ನೋಡಿ ಕೈ ಹಿಂದೆಗೆದಳು. ಅದು ನನ್ನ ಹೆಂಡತಿ ಕೊನೆಯದಾಗಿ ಕಟ್ಟಿದ ಗಂಟು. ಬಟ್ಟೆ ಹಳದಿಯಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು, ಚಳಿಗಾಲ ಕಳೆಯುವ ಹೊತ್ತಿಗೆ ಬೆರಳಿಗೆ ಲೋಳೆ ಹತ್ತುತ್ತಿತ್ತು. ನಾನು ಅದರಿಂದಲೇ ನೀರು ಹಿಡಿದು ಕುಡಿದೆ. ಕುಡಿಯುವಾಗ ಅವಳು ಸೋಸಿಕೊಟ್ಟಂತೆ ಅನಿಸುತ್ತಿತ್ತು.

ಮಗಳು ಈಗ ಗಂಡನ ಮನೆಯವರೊಂದಿಗೆ ಪುಣೆಯಲ್ಲಿದ್ದಾಳೆ. ದೀಪಾವಳಿ ಕಳೆದು ಕೆಲವು ವಾರಕ್ಕೆ ಅವಳು ಬಸುರಿ ಎಂದು ತಿಳಿಯಿತು. ತಾಯಿಗೆ ಆ ಸುದ್ದಿ ಸಿಗಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಹೇಳಿಕೊಡಬೇಕಾದ ಮಾತಲ್ಲ. ಆದರೆ ತಾಯಿಯಿಲ್ಲದ ಮನೆಯನ್ನು ತವರು ಅನ್ನುವುದು ಹೇಗೆ? ಅಕ್ಕ ಮೂರು ತಿಂಗಳು ಬಂದಿರುತ್ತೇನೆ ಎಂದಳು. ನಾನು ಕೋಣೆಗೆ ಸುಣ್ಣ ಹೊಡೆಸಿದೆ, ಗಾಳಿ ತಂಪು ಮಾಡುವ ಕೂಲರಿನ ಬದಿಗಳಿಗೆ ಹೊಸ ಹುಲ್ಲು ಹಾಕಿಸಿದೆ. ಮೇ ತಿಂಗಳ ಮೊದಲ ವಾರ ಮಗಳ ಫೋನ್ ಬಂತು. ಅಲ್ಲಿಯ ಡಾಕ್ಟರು ನೀರಿನ ವಿಷಯದಲ್ಲಿ ಬಹಳ ಎಚ್ಚರ ಇರಬೇಕು, ಈ ಹೊತ್ತಿನಲ್ಲಿ ಕಾಮಾಲೆ ತಗುಲಿದರೆ ಕಷ್ಟ ಎಂದಿದ್ದರಂತೆ. ಬೀಗಿತ್ತಿ, ಇಲ್ಲೇ ಮಾಡೋಣ ಬಿಡು ಎಂದಿದ್ದರಂತೆ.

"ಅಪ್ಪಾ, ಬರಬೇಕಂತ ಜೀವಾ ಎಳೀತೈತಿ. ಆದ್ರ ಮನ್ಯಾಗ ನೀರು ಹೆಂಗೈತಿ? ಅವ್ವ ಇದ್ದಾಗ ನೋಡ್ತಿದ್ಲು."

"ಎಲ್ಲಾ ಬರೋಬರ್ ಐತಿ" ಎಂದೆ. ಹಾಗೆನ್ನುವಾಗ ನನ್ನ ಕೈಯಲ್ಲೇ ನೀರಿನ ಲೋಟ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಸಣ್ಣ ಕಂದು ಎಳೆಯೊಂದು ಅದರಲ್ಲಿ ಮೆಲ್ಲಗೆ ಇಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಸದರ್ ಪೇಟೆಗೆ ಹೋಗಿ, ಅಲ್ಲಿ ನೀರಿನ ಯಂತ್ರಗಳ ಅಂಗಡಿಯಿಂದ ಮೆಕ್ಯಾನಿಕನನ್ನು ಕರೆತಂದೆ. ಐವತ್ತರ ಆಸುಪಾಸಿನ ಮರಾಠಿ ಮನುಷ್ಯ, ಮಾತು ಕಡಿಮೆ. ನೆಲಕ್ಕೆ ಕೂತು ಕಪಾಟಿನ ಬಾಗಿಲು ತೆರೆದವನು ಒಳಬದಿಯ ಪೆನ್ಸಿಲ್ ಬರಹ ನೋಡಿ, ಇದೇನು ಎಂದು ಕೇಳಿದ. ನಾನೂ ಬಗ್ಗಿ ನೋಡಿದೆ. ಎಂದೂ ಆ ಬಾಗಿಲಿನ ಒಳಬದಿ ನೋಡಿದವನಲ್ಲ. ಅವಳ ದುಂಡು ಅಕ್ಷರ. ಕ್ಯಾಂಡಲ್ ಬದಲಿಸಿದ ತಾರೀಖುಗಳು ಒಂದರ ಕೆಳಗೊಂದು, ಕಡೆಯ ಸಾಲಿನಲ್ಲಿ 'ಸಂಕ್ರಾಂತಿಗೆ ಹೊಸಾದು ಹಾಕಿಸಬೇಕು' ಎಂದಿತ್ತು. ಅವನಿಗೆ ಮರಾಠಿಯಲ್ಲಿ ಹೇಳಿದೆ. ಸಂಕ್ರಾಂತಿ ದಾಟಿ ನಾಲ್ಕು ತಿಂಗಳಾಗುತ್ತ ಬಂದಿತ್ತು.

ಅವನು ಪೈಪು ಬಿಚ್ಚುವ ಪಾನಾ ಹಾಕಿ ಡಬ್ಬಿ ತಿರುವಿದ. ಕ್ಯಾಂಡಲ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಇದನ್ನೆಲ್ಲ ತೆಗೆದು ಹೊಸ ಆರ್‌ಓ ಕೂರಿಸುವುದೇ ಸರಿ, ಅದರಲ್ಲಿ ರೋಗಾಣು ಕೊಲ್ಲುವ ದೀಪವೂ ಇರುತ್ತದೆ ಎಂದ. ಆಗಲಿ ಎಂದೆ. ಆಮೇಲೆ ಅವನ ಕಣ್ಣು ಮೇಲಿನ ನಲ್ಲಿಗೆ ಹೋಯಿತು. ಡಬ್ಬಿ ಮತ್ತೆ ಮುಚ್ಚಿ, ಒಂದು ಲೋಟ ಬಟ್ಟೆಯಿಂದ ಹಿಡಿದ. ನಲ್ಲಿಯ ಪೈಪು ಬಿಚ್ಚಿ ಇನ್ನೊಂದು ಲೋಟ ನೇರವಾಗಿ ಹಿಡಿದ. ಎರಡನ್ನೂ ಮೂಸಿ ನೋಡಿ ಎಂದು ನನ್ನ ಕೈಗಿತ್ತ. ಎರಡನೆಯದಕ್ಕೆ ಅಂಥ ವಾಸನೆ ಇರಲಿಲ್ಲ. ಬಟ್ಟೆಯಿಂದ ಬಂದದ್ದು ನೆನೆದ ಗೋಣಿಚೀಲದಂತೆ ನಾರುತ್ತಿತ್ತು.

"ಕಾಕಾ," ಎಂದ ಅವನು ಮರಾಠಿಯಲ್ಲಿ, "ಯಂತ್ರ ಶುದ್ಧ ಮಾಡಿದ ನೀರನ್ನು ನೀವು ಕೊನೆಯ ಗೇಣಿನಲ್ಲಿ ಕೆಡಿಸುತ್ತಿದ್ದೀರಿ. ಎಷ್ಟು ಒಳ್ಳೆಯ ಯಂತ್ರ ಹಾಕಿದರೂ ಈ ಬಟ್ಟೆ ಇರುವ ತನಕ ಉಪಯೋಗವಿಲ್ಲ."

ಇದನ್ನು ಕಟ್ಟಿದವಳು ಈಗಿಲ್ಲ ಎಂದಷ್ಟೇ ಹೇಳಿದೆ. ಅವನು ಪಾನಾ ಕೆಳಗಿಟ್ಟ. ತನ್ನ ತಾಯಿಯೂ ಹೀಗೇ ಕಟ್ಟುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ ಎಂದ. ಬಟ್ಟೆ ಕಟ್ಟುವುದು ತಪ್ಪಲ್ಲವಂತೆ, ಕಟ್ಟಿದ ಜಾಗ ತಪ್ಪು. ಮಾಳಿಗೆಯ ಟಾಕಿಗೆ ನೀರು ಬೀಳುವ ಪೈಪಿಗೆ ಕಟ್ಟಿದರೆ ರಾಡಿ ಅಲ್ಲೇ ನಿಲ್ಲುತ್ತದೆ, ಕೆಳಗಿನ ಯಂತ್ರವೂ ಹೆಚ್ಚು ದಿನ ಬಾಳುತ್ತದೆ, ಆದರೆ ವಾರಕ್ಕೊಮ್ಮೆ ಬದಲಿಸುವುದು ತಪ್ಪಬಾರದು. ಇಷ್ಟು ಹೇಳಿ, ಪೈಪು ಅಳೆಯುವ ನೆಪದಲ್ಲಿ ನನ್ನನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದ.

ಬಿಚ್ಚಲು ಕತ್ತರಿ ಬೇಕಾದೀತು ಅಂದುಕೊಂಡಿದ್ದೆ. ಗಂಟಿನಿಂದ ಇಳಿಬಿದ್ದ ದಾರದ ತುದಿಯನ್ನು ಹಿಡಿದು ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿತು. ಎಂಟು ತಿಂಗಳು ನಾನು ಕಾಯ್ದುಕೊಂಡು ಬಂದ ಗಂಟನ್ನು ಅವಳು ಮುಂದಿನ ಸೋಮವಾರ ಸುಲಭವಾಗಿ ಬಿಚ್ಚಲೆಂದೇ ಕಟ್ಟಿದ್ದಳು. ಬಟ್ಟೆಯನ್ನು ಕೈಯಲ್ಲಿ ಹಿಡಿದು ಸಿಂಕಿನ ಮುಂದೆ ನಿಂತೇ ಇದ್ದೆ. ಮೆಕ್ಯಾನಿಕ್ ಹಿತ್ತಲಿನಲ್ಲಿ ಇನ್ನೂ ಒಂದಷ್ಟು ಹೊತ್ತು ಅಳೆಯುತ್ತಿದ್ದ.

ಹೊಸ ಯಂತ್ರ ಕೂತಿತು. ಅದರೊಳಗಿನ ಸಣ್ಣ ಟಾಕಿ ಮೊದಲ ಎರಡು ಸಲ ತುಂಬಿದ ನೀರನ್ನು ಚೆಲ್ಲಬೇಕೆಂದು ಮೆಕ್ಯಾನಿಕ್ ಹೇಳಿದ್ದ, ಚೆಲ್ಲಿದೆ. ಯಂತ್ರ ಹೊರಹಾಕುವ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ, ಕೂಲರಿಗೆ ಹಾಕಬೇಡಿ ಎಂದಿದ್ದ. ನೀರು ಚೆಲ್ಲಿ ಗೊತ್ತಿಲ್ಲದ ಊರಿನವನು ನಾನು, ಕೂಲರಿಗೇ ಹಾಕಿದೆ. ವಾರದೊಳಗೆ ಹೊಸ ಹುಲ್ಲಿಗೆ ಉಪ್ಪು ಹಿಡಿದಂತೆ ಬಿಳಿ ಪೊರೆ ಬಂತು. ಮಾಳಿಗೆ ಹತ್ತಿ ಟಾಕಿಯ ಪೈಪಿಗೆ ಅವಳ ಸೀರೆಯ ತುಂಡೊಂದನ್ನು ಕಟ್ಟಿದೆ. ಎರಡನೆಯ ದಿನ ಅದು ಕಳಚಿ ಟಾಕಿಯೊಳಗೆ ಬಿದ್ದಿತ್ತು. ತೆಗೆದು ಒಗೆದು, ಇನ್ನಷ್ಟು ದಾರ ಸುತ್ತಿ ಬಿಗಿದೆ.

ಮಗಳಿಗೆ ಫೋನ್ ಮಾಡಿ, ಮೊದಲು ಸುಳ್ಳು ಹೇಳಿದ್ದನ್ನೂ ಆಮೇಲೆ ಮಾಡಿದ್ದನ್ನೂ ಹೇಳಿದೆ. ತಿಕೀಟು ತೆಗೆಸುತ್ತೇನೆ ಎಂದಳು.

ಬಂದ ದಿನ ಅಳಿಯ ಸಾಮಾನು ಇಳಿಸುತ್ತಿರುವಾಗಲೇ ಅವಳು ನೇರ ಅಡುಗೆಮನೆಗೆ ಬಂದು ಲೋಟ ಹಿಡಿದಳು. ನಾನು ಬಾಗಿಲಲ್ಲಿ ನಿಂತೆ. ನಿಧಾನವಾಗಿ ಕುಡಿದಳು.

"ಸಪ್ಪಗೈತಲ್ಲಪ್ಪಾ."

"ಶುದ್ಧ ಅಂದ್ರ ಹಂಗ ಇರ್ತೈತಿ."

ನಕ್ಕಳು. ಇನ್ನೊಂದು ಲೋಟ ಹಿಡಿದು ಅದನ್ನೂ ಪೂರ್ತಿ ಕುಡಿದಳು. ಆ ಎರಡನೆಯ ಲೋಟ ನೋಡಿದಾಗ ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಯಿತು.

ಬರಿದಾದ ನಲ್ಲಿಯನ್ನು ಅವಳು ಬೆರಳಿನಿಂದ ಒಮ್ಮೆ ಸವರಿದಳು. ಮೇಲೆ ಹೇಗೆ ಕಟ್ಟಿದ್ದೀ ತೋರಿಸು ಎಂದು ಕೇಳಿದಳು. ಮಾಳಿಗೆ ಹತ್ತುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಕುರ್ಚಿಯ ಕಾಲಿಗೆ ಕಟ್ಟಿ ತೋರಿಸಿದೆ.

"ಇದು ಗಂಟಲ್ಲಪ್ಪಾ, ಜಗಳ" ಎಂದಳು.

ಆಮೇಲೆ ದಾರ ಕಸಿದುಕೊಂಡು ತಾನೇ ಕಟ್ಟಿದಳು. ಎರಡು ಸುತ್ತು, ಮೂರನೆಯದನ್ನು ಮಡಚಿ ಒಳಗೆ ತೂರಿಸಿ, ತುದಿ ಹೊರಗೆ. ಸಣ್ಣವಳಿದ್ದಾಗ ಅವ್ವ ಸ್ಟೂಲಿನ ಮೇಲೆ ನಿಲ್ಲಿಸಿ ಕಲಿಸಿದ್ದಳಂತೆ. ನನಗೆ ನಾಲ್ಕು ಸಲ ಬೇಕಾಯಿತು. ಕಲಿತ ಮೇಲೆ ಮಾಳಿಗೆ ಹತ್ತಿ, ಟಾಕಿಯ ಪೈಪಿನ ಬಟ್ಟೆಯನ್ನೂ ಹಾಗೇ ಕಟ್ಟಿ ಬಂದೆ. ಸಂಜೆ ಅವಳು ಪೆನ್ಸಿಲ್ ಕೇಳಿದಳು. ನೆಲಕ್ಕೆ ಕೂರಲಾಗದೆ, ಸಣ್ಣ ಮಣೆಯ ಮೇಲೆ ಕೂತು, ಕಪಾಟಿನ ಬಾಗಿಲಿನ ಒಳಗೆ ತಾಯಿಯ ಕಡೆಯ ಸಾಲಿನ ಕೆಳಗೆ ಹೊಸ ತಾರೀಖು ಬರೆದಳು. ಅವಳ ಕನ್ನಡ ಅಕ್ಷರ ಸ್ವಲ್ಪ ಸೊಟ್ಟ. ಮರಾಠಿ ಶಾಲೆಯಲ್ಲಿ ಓದಿದವಳು.

ಸೋಮವಾರ ಬೆಳಿಗ್ಗೆ ಮಾಳಿಗೆ ಹತ್ತಿದೆ. ತುದಿ ಹಿಡಿದು ಎಳೆದೆ, ಬಿಚ್ಚಿತು. ಒಗೆದ ಬಟ್ಟೆ ಕಟ್ಟಿ, ಹೊಲಸಾದದ್ದನ್ನು ಅಂಗೈಯಲ್ಲಿ ಹಿಡಿದು ಕೆಳಗೆ ತಂದೆ. ಮಗಳು ಚಹಾ ಕುಡಿಯುತ್ತಿದ್ದಳು.

"ನೋಡವ್ವಾ," ಎಂದೆ, "ಇದನ್ನೆಲ್ಲಾ ಕುಡೀತಿದ್ವಿ ನಾವು."

ಅವಳು ಬಗ್ಗಿ, ಕರಿ ರಾಡಿಯನ್ನೂ ತುಕ್ಕಿನ ಚೂರುಗಳನ್ನೂ ಚೆನ್ನಾಗಿ ನೋಡಿದಳು. ಆಮೇಲೆ ಮೂಗು ಮುಚ್ಚಿಕೊಂಡಳು.

"ನೋಡಿದ್ನಿ. ಜಲ್ದಿ ಒಗದು ಹಾಕಿ ಬಾ, ಚಹಾ ಆರಾಕತ್ತೈತಿ."